ನಾಕ್‌ಔಟ್ ಪಂದ್ಯಗಳ ನಿರೀಕ್ಷೆ

ಮಾಘ ಮಾಸ ಮುಗಿಯುತ್ತ ಬಂದಂತೆ ನಮ್ಮ ವಿಲೆ ಪಾರ್ಲೆಯಲ್ಲಿ ಎರಡು ಬಗೆಯ ಪರೀಕ್ಷೆಗಳು ಒಟ್ಟಿಗೆ ಸಮೀಪಿಸುತ್ತವೆ. ಒಂದು ಎಸ್.ಎಸ್.ಸಿ. ಮಂಡಳಿಯ ಪರೀಕ್ಷೆ, ಅದರ ವೇಳಾಪಟ್ಟಿಯನ್ನು ಶಾಲೆಯ ಫಲಕದ ಮೇಲೆ ಅಂಟಿಸಿರುತ್ತಾರೆ. ಇನ್ನೊಂದರ ವೇಳಾಪಟ್ಟಿಯನ್ನು ಯಾರೂ ಎಲ್ಲಿಯೂ ಅಂಟಿಸುವುದಿಲ್ಲ. ಆದರೂ ಹಿಂದಿನ ಬೆಂಚಿನ ಹುಡುಗರಿಗೆ ಅದು ಕಂಠಪಾಠವಾಗಿರುತ್ತದೆ. ಯುರೋಪು ಖಂಡದ ಚಾಂಪಿಯನ್ಸ್ ಲೀಗ್ ಎಂಬ ಕಾಲ್ಚೆಂಡು ಪಂದ್ಯಾವಳಿಯ ನಾಕ್‌ಔಟ್ ಸುತ್ತುಗಳು ಮೊದಲಾಗುವುದು ಇದೇ ಕಾಲದಲ್ಲಿ. ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ನಿಂತು ಆಕಳಿಸುವ ಮಕ್ಕಳನ್ನು ಕಂಡು, ಪಾಪ, ರಾತ್ರಿಯೆಲ್ಲ ಓದಿರಬೇಕೆಂದು ನಾವು ಕನಿಕರಪಟ್ಟ ದಿನಗಳೂ ಇದ್ದವು. ಈಗ ಹಾಗೆ ಮೋಸ ಹೋಗುವುದಿಲ್ಲ. ಏಕೆಂದರೆ ಆ ಆಕಳಿಕೆಯ ಬಳಗದಲ್ಲಿ ನಾವೂ ಸೇರಿಹೋಗಿದ್ದೇವೆ.

ಪಂದ್ಯ ಇನ್ನೂ ಒಂದು ವಾರ ದೂರವಿರುವಾಗಲೇ ಲೆಕ್ಕಾಚಾರ ಆರಂಭವಾಗುತ್ತದೆ. ಯಾರಿಗೆ ಗಾಯವಾಗಿದೆ, ಯಾರು ಇನ್ನೊಂದು ಹಳದಿ ಕಾರ್ಡಿನ ಭಯದಲ್ಲಿದ್ದಾರೆ, ಮೊದಲ ಪಂದ್ಯ ಯಾರ ಊರಿನಲ್ಲಿ ಎಂಬ ಚರ್ಚೆ ಊಟದ ಬಿಡುವಿನಲ್ಲಿ ಡಬ್ಬಿ ಮುಚ್ಚಿದ ಮೇಲೂ ಮುಗಿಯುವುದಿಲ್ಲ. ಇಂಥ ಒಂದು ಚರ್ಚೆಯ ನಡುವೆ ಒಬ್ಬ ವಿದ್ಯಾರ್ಥಿನಿ ನಮ್ಮನ್ನು ಕೇಳಿದಳು: “ಆಟ ಅದೇ, ಚೆಂಡು ಅದೇ, ಆಡುವವರೂ ಅವರೇ. ಹಾಗಿದ್ದ ಮೇಲೆ ಲೀಗ್ ಪಂದ್ಯ ಬಂದಾಗ ನಿದ್ದೆ ಬರುತ್ತದೆ, ನಾಕ್‌ಔಟ್ ಬಂದಾಗ ಏಕೆ ಬರುವುದಿಲ್ಲ, ಸರ್?” ಪ್ರಶ್ನೆ ಸಣ್ಣದು. ಆದರೆ ಅದಕ್ಕೆ ಸರಿಯಾದ ಉತ್ತರ ಹೇಳಬೇಕೆಂದು ಹೊರಟಾಗ ನಾವು ಬುಡಾಪೆಸ್ಟಿನಿಂದ ಕೂಪರೇಜಿನವರೆಗೆ ಸುತ್ತಾಡಬೇಕಾಯಿತು; ಕೊನೆಗೆ ಬಂದು ನಿಂತದ್ದು ಪಾರ್ಲೆಯ ಮುಂದಿನ ನಿಲ್ದಾಣವಾದ ಅಂಧೇರಿಯಲ್ಲಿ.

ಮೊದಲು ಗಡಿಯಾರದ ಮಾತನ್ನು ಮುಗಿಸಿಬಿಡೋಣ. ಮಧ್ಯ ಯುರೋಪಿನಲ್ಲಿ ರಾತ್ರಿ 9 ಗಂಟೆಗೆ ಆರಂಭವಾಗುವ ಪಂದ್ಯ ಚಳಿಗಾಲದಲ್ಲಿ ನಮಗೆ ನಡುರಾತ್ರಿ ಕಳೆದು 1-30ಕ್ಕೆ ಆರಂಭವಾಗುತ್ತದೆ. ಮಾರ್ಚ್ ತಿಂಗಳ ಕೊನೆಯ ಭಾನುವಾರ ಆ ಖಂಡದವರು ಬೇಸಗೆಯ ದೀರ್ಘ ಹಗಲನ್ನು ಬಳಸಿಕೊಳ್ಳುವ ಸಲುವಾಗಿ ತಮ್ಮ ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ನಾವು ತಿರುಗಿಸುವುದಿಲ್ಲ. ಆದುದರಿಂದ ಮಾರ್ಚಿಯಲ್ಲಿ 1-30ಕ್ಕಿದ್ದ ಪಂದ್ಯ ಏಪ್ರಿಲಿನ ಕ್ವಾರ್ಟರ್ ಫೈನಲಿಗೆ ಬರುವಾಗ 12-30ಕ್ಕೆ ಸರಿದಿರುತ್ತದೆ. ಭೂಗೋಳದ ಪಾಠದಲ್ಲಿ ರೇಖಾಂಶ ಮತ್ತು ಸ್ಥಳೀಯ ಕಾಲದ ಲೆಕ್ಕ ತಪ್ಪಿಸುವ ಹುಡುಗರು ಈ ಲೆಕ್ಕವನ್ನು ಮಾತ್ರ ಒಮ್ಮೆಯೂ ತಪ್ಪಿಸಿದ್ದನ್ನು ನಾವು ಕಂಡಿಲ್ಲ. ಮನೆಯವರೆಲ್ಲ ಮಲಗಿ, ಓಣಿ ಮೌನವಾಗಿ, ವಿಮಾನ ನಿಲ್ದಾಣಕ್ಕೆ ಇಳಿಯುವ ವಿಮಾನಗಳ ಸದ್ದು ಮಾತ್ರ ಕೇಳಿಸುವ ಆ ಹೊತ್ತಿನಲ್ಲಿ, ದೂರದರ್ಶನದ ಧ್ವನಿಯನ್ನು ಪೂರ್ಣವಾಗಿ ಅಡಗಿಸಿ, ಗೋಲಾದಾಗ ಬಾಯಿಗೆ ಕೈ ಒತ್ತಿಕೊಂಡು ಕುಣಿಯುವ ಸುಖ ಅನುಭವಿಸಿದವರಿಗೇ ಗೊತ್ತು.

ಇನ್ನು ವಿಷಯಕ್ಕೆ ಬರೋಣ. ಪಂದ್ಯಾವಳಿಯನ್ನು ನಡೆಸುವ ಮುಖ್ಯ ಪದ್ಧತಿಗಳು ಎರಡು. ಲೀಗ್ ಪದ್ಧತಿಯಲ್ಲಿ ಪ್ರತಿಯೊಂದು ತಂಡವೂ ಹಲವು ತಂಡಗಳೊಡನೆ ಆಡುತ್ತದೆ. ಗೆದ್ದರೆ 3 ಅಂಕ, ಸಮವಾದರೆ 1, ಸೋತರೆ ಸೊನ್ನೆ. ಇಂದು ಸೋತವನು ಮುಂದಿನ ವಾರ ಗೆದ್ದು ಸರಿಪಡಿಸಿಕೊಳ್ಳಬಹುದು. ನಾಕ್‌ಔಟ್ ಪದ್ಧತಿಯಲ್ಲಿ ಸೋತವನು ಹೊರಗೆ. ಇದರಲ್ಲಿ ಒಂದು ಚಿಕ್ಕ ಗಣಿತವೂ ಅಡಗಿದೆ. 16 ತಂಡಗಳ ನಾಕ್‌ಔಟಿನಲ್ಲಿ, ಒಂದು ಜೋಡಿಗೆ ಒಂದೇ ಪಂದ್ಯವೆಂದಿಟ್ಟುಕೊಂಡರೆ, ಒಟ್ಟು ಎಷ್ಟು ಪಂದ್ಯಗಳು? 8, 4, 2, 1 ಎಂದು ಕೂಡಿಸುವ ಅಗತ್ಯವಿಲ್ಲ. ಪ್ರತಿಯೊಂದು ಪಂದ್ಯವೂ ಒಂದು ತಂಡವನ್ನು ಮನೆಗೆ ಕಳುಹಿಸುತ್ತದೆ, ಕೊನೆಗೆ ಉಳಿಯಬೇಕಾದುದು ಒಂದು, ಹೊರಹೋಗಬೇಕಾದುವು 15, ಆದುದರಿಂದ ಪಂದ್ಯಗಳೂ 15. ತಂಡಗಳು ಸಾವಿರವಿದ್ದರೂ ಲೆಕ್ಕ ಇಷ್ಟೇ ಸುಲಭ.

ಚಾಂಪಿಯನ್ಸ್ ಲೀಗ್ ಈ ಎರಡು ಪದ್ಧತಿಗಳನ್ನೂ ಬೆರೆಸಿಕೊಂಡಿದೆ. 2024-25ರಿಂದ ಜಾರಿಗೆ ಬಂದ ಕ್ರಮದಂತೆ 36 ತಂಡಗಳು ಮೊದಲು ತಲಾ 8 ಪಂದ್ಯಗಳನ್ನು ಆಡುತ್ತವೆ. ಅಲ್ಲಿಗೆ 144 ಪಂದ್ಯಗಳಾದುವು. ಪಟ್ಟಿಯ ಮೊದಲ 8 ತಂಡಗಳಿಗೆ ಹದಿನಾರರ ಸುತ್ತಿಗೆ ನೇರ ಪ್ರವೇಶ. 9ರಿಂದ 24ರವರೆಗಿನವು ತಮ್ಮತಮ್ಮೊಳಗೆ ಆಡಿ ಉಳಿದ 8 ಸ್ಥಾನಗಳನ್ನು ಗಳಿಸಿಕೊಳ್ಳಬೇಕು. ಉಳಿದ 12 ತಂಡಗಳ ಕಥೆ ಅಲ್ಲಿಗೇ ಮುಗಿಯಿತು. ಫೈನಲ್ ಒಂದನ್ನು ಬಿಟ್ಟು ನಾಕ್‌ಔಟಿನ ಪ್ರತಿಯೊಂದು ಜೋಡಿಯೂ ಎರಡೆರಡು ಪಂದ್ಯಗಳನ್ನು ಆಡುತ್ತದೆ, ಒಂದು ತನ್ನೂರಿನಲ್ಲಿ, ಇನ್ನೊಂದು ಎದುರಾಳಿಯ ಊರಿನಲ್ಲಿ. ಎರಡರ ಗೋಲುಗಳನ್ನೂ ಕೂಡಿಸಿ ತೀರ್ಮಾನ. ಹೀಗೆ ನಾಕ್‌ಔಟ್ ಪಂದ್ಯಗಳು 45. ಆ 144ಕ್ಕೂ ಈ 45ಕ್ಕೂ ನಡುವೆ ಇರುವ ವ್ಯತ್ಯಾಸವೇ ನಮ್ಮ ವಿದ್ಯಾರ್ಥಿನಿಯ ಪ್ರಶ್ನೆ.

ಎರಡು ಊರುಗಳಲ್ಲಿ ಆಡುವ ಈ ಸಂಪ್ರದಾಯ ಎಲ್ಲಿಂದ ಬಂದಿತು? 1954ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ ತಂಡ ಹಂಗೆರಿಯ ಖ್ಯಾತ ಹಾನ್ವೆದ್ ತಂಡವನ್ನು ತನ್ನ ಕೆಸರು ತುಂಬಿದ ಮೈದಾನದಲ್ಲಿ 3-2ರಿಂದ ಸೋಲಿಸಿತು. ಕೂಡಲೇ ಇಂಗ್ಲೆಂಡಿನ ಪತ್ರಿಕೆಗಳು ತಮ್ಮವರೇ ಜಗತ್ತಿನ ಶ್ರೇಷ್ಠರೆಂದು ಸಾರಿದವು. ಫ್ರಾನ್ಸಿನ ಕ್ರೀಡಾ ಪತ್ರಿಕೆ ‘ಲೆಕಿಪ್’ನಲ್ಲಿ ಬರೆಯುತ್ತಿದ್ದ ಗೆಬ್ರಿಯಲ್ ಹಾನೊ ಇದಕ್ಕೆ ಒಪ್ಪಲಿಲ್ಲ. ಹಾಗೆ ಸಾರುವ ಮೊದಲು ಅವರು ಮಾಸ್ಕೋಗೂ ಬುಡಾಪೆಸ್ಟಿಗೂ ಹೋಗಿ ಆಡಿ ಬರಲಿ ಎಂಬುದು ಅವರ ವಾದ. ಮನೆಯಂಗಳದಲ್ಲಿ ಗೆದ್ದವನು ಪರರ ಅಂಗಳದಲ್ಲಿಯೂ ನಿಲ್ಲಬಲ್ಲನೆ ಎಂಬ ಈ ಸಂದೇಹವೇ ಯುರೋಪಿಯನ್ ಕಪ್ಪಿನ ಬೀಜವಾಯಿತು. 1955ರ ಸೆಪ್ಟೆಂಬರ್ 4ರಂದು ಲಿಸ್ಬನ್ ನಗರದಲ್ಲಿ ಅದರ ಮೊದಲ ಪಂದ್ಯ ನಡೆಯಿತು. ಆಗ ಸೇರಿದ್ದ ತಂಡಗಳು 16. ಲೀಗ್ ಇಲ್ಲ, ಎಲ್ಲವೂ ನಾಕ್‌ಔಟೇ. ಮೊದಲ ಐದು ವರ್ಷಗಳೂ ಸ್ಪೇನಿನ ರಿಯಲ್ ಮ್ಯಾಡ್ರಿಡ್ ಗೆದ್ದಿತು.

ಎರಡು ಪಂದ್ಯಗಳಾದುದರಿಂದ ನಿರೀಕ್ಷೆಯೂ ಎರಡು ಪಟ್ಟಾಗುತ್ತದೆ ಎಂದರೆ ಸಾಲದು, ಅದರ ಜಾತಿಯೇ ಬೇರೆಯಾಗುತ್ತದೆ. ಮೊದಲ ಪಂದ್ಯವನ್ನು ಕಾಯುವಾಗ ನಮ್ಮ ಮುಂದೆ ಏನೂ ಇಲ್ಲ. ಎರಡನೆಯದನ್ನು ಕಾಯುವಾಗ ಒಂದು ಸಂಖ್ಯೆ ಇದೆ. ವಾರವಿಡೀ ಅದನ್ನೇ ಜಗಿಯುತ್ತಿರುತ್ತೇವೆ. 2017ರ ಫೆಬ್ರವರಿಯಲ್ಲಿ ಬಾರ್ಸಿಲೋನಾ ತಂಡ ಪ್ಯಾರಿಸಿನಲ್ಲಿ 0-4ರಿಂದ ಸೋತಿತು. ಬುದ್ಧಿವಂತರಾದವರು ಎರಡನೆಯ ಪಂದ್ಯಕ್ಕೆ ನಿದ್ದೆಗೆಡುವ ಅಗತ್ಯವಿಲ್ಲವೆಂದು ತೀರ್ಮಾನಿಸಿದರು. ನಾವೂ ಬುದ್ಧಿವಂತರ ಗುಂಪಿನಲ್ಲಿದ್ದೆವು. ಮಾರ್ಚ್ 8ರ ಆ ಪಂದ್ಯದಲ್ಲಿ 87 ನಿಮಿಷಗಳು ಕಳೆದಾಗಲೂ ಬಾರ್ಸಿಲೋನಾ 3-1ರಿಂದ ಮಾತ್ರ ಮುಂದಿತ್ತು. ಅಂದರೆ ಒಟ್ಟು ಲೆಕ್ಕದಲ್ಲಿ 3-5. ಅನಂತರ ಆಟದ ಕೊನೆಯ ಸೀಟಿಯೊಳಗೆ ಮೂರು ಗೋಲುಗಳಾದುವು. ಒಟ್ಟು 6-5. ಬೆಳಗ್ಗೆ ಹಾಲಿನವನ ಜೊತೆಯಲ್ಲೇ ಈ ಸುದ್ದಿ ಬಂದು ನಮ್ಮ ಬುದ್ಧಿವಂತಿಕೆಯನ್ನು ಅಣಕಿಸಿತು. ಅದಾದ ಎರಡು ವರ್ಷಗಳಿಗೆ ಇದೇ ಬಾರ್ಸಿಲೋನಾ 3-0ರ ಮುನ್ನಡೆಯೊಂದಿಗೆ ಲಿವರ್‌ಪೂಲಿಗೆ ಹೋಗಿ, 2019ರ ಮೇ 7ರಂದು 0-4ರಿಂದ ಸೋತು ಹೊರಬಿದ್ದಿತು. ಆ ಸಲ ನಾವು ಎಚ್ಚರವಾಗಿದ್ದೆವು. ಬೇಸಗೆಯ ರಜೆಯೂ ಆಗಿತ್ತು.

ಒಟ್ಟು ಗೋಲುಗಳು ಸಮವಾದರೆ ಏನು ಮಾಡಬೇಕು? ಈ ತೊಡಕಿಗೆ ಹಿರಿಯರು ಕಂಡುಕೊಂಡ ಪರಿಹಾರಗಳ ಚರಿತ್ರೆ ಒಂದು ವಿನೋದ. ಹಿಂದೆ ಮೂರನೆಯ ಊರಿನಲ್ಲಿ ಮೂರನೆಯ ಪಂದ್ಯವಾಡಿಸುತ್ತಿದ್ದರು. ಅದೂ ಸಮವಾದರೆ ನಾಣ್ಯ ಚಿಮ್ಮುವುದು. 1965ರ ಮಾರ್ಚಿಯಲ್ಲಿ ಲಿವರ್‌ಪೂಲ್ ಮತ್ತು ಜರ್ಮನಿಯ ಕಲೋನ್ ತಂಡಗಳು ಎರಡು ಪಂದ್ಯಗಳಲ್ಲಿ ಒಂದೂ ಗೋಲಿಲ್ಲದೆ ಸಮಸಮವಾಗಿ, ಮೂರನೆಯದನ್ನು ರಾಟರ್‌ಡ್ಯಾಮಿನಲ್ಲಿ ಆಡಿ 2-2ರಲ್ಲಿ ನಿಂತುವು. ರೆಫರಿ ಒಂದು ಬದಿ ಕೆಂಪು, ಇನ್ನೊಂದು ಬದಿ ಬಿಳಿಯಾದ ಬಿಲ್ಲೆಯನ್ನು ಚಿಮ್ಮಿದರು. ಅದು ಕೆಸರಿನಲ್ಲಿ ಅಂಚಿನ ಮೇಲೆ ನೆಟ್ಟಗೆ ಊರಿ ನಿಂತುಬಿಟ್ಟಿತು! ಮತ್ತೊಮ್ಮೆ ಚಿಮ್ಮಿದಾಗ ಲಿವರ್‌ಪೂಲಿನ ಅದೃಷ್ಟ ಖುಲಾಯಿಸಿತು. ಐದು ಗಂಟೆಗಳ ಆಟ ಒಂದು ಬಿಲ್ಲೆಯ ಮಗ್ಗುಲಿನಿಂದ ತೀರ್ಮಾನವಾಯಿತೆಂದರೆ ಕಲೋನಿನವರ ಸಂಕಟವನ್ನು ಊಹಿಸಿಕೊಳ್ಳಬಹುದು.

ಆ ಕಾಲದಲ್ಲಿಯೇ ಇನ್ನೊಂದು ನಿಯಮ ಬಂದಿತು. ಗೋಲುಗಳು ಸಮವಾದಾಗ, ಪರರ ಮೈದಾನದಲ್ಲಿ ಹೆಚ್ಚು ಗೋಲು ಹೊಡೆದ ತಂಡ ಗೆದ್ದಂತೆ ಎಂಬುದೇ ಆ ನಿಯಮ. ಇದು ಯುರೋಪಿನ ಕ್ಲಬ್ ಪಂದ್ಯಾವಳಿಗಳಲ್ಲಿ 1965ರಲ್ಲಿ ಮೊದಲಾಗಿ 2021ರವರೆಗೆ ಬಾಳಿತು. ದೂರದ ಊರಿಗೆ ಪ್ರಯಾಣ ಮಾಡಿ, ಪರಕೀಯ ಜನಸಮೂಹದ ಕೂಗಿನ ನಡುವೆ ಹೊಡೆದ ಗೋಲಿಗೆ ಹೆಚ್ಚಿನ ಬೆಲೆ ಸಲ್ಲಬೇಕೆಂಬುದು ಅದರ ತರ್ಕ. 2019ರಲ್ಲಿ ಟಾಟನ್‌ಹ್ಯಾಮ್ ತಂಡ ತನ್ನೂರಿನಲ್ಲಿ 0-1ರಿಂದ ಸೋತು, ಆಮ್‌ಸ್ಟರ್‌ಡ್ಯಾಮಿನಲ್ಲಿ ಅಯಾಕ್ಸ್ ತಂಡವನ್ನು 3-2ರಿಂದ ಸೋಲಿಸಿ, ಒಟ್ಟು 3-3 ಆದಾಗ ಫೈನಲಿಗೆ ಹೋದದ್ದು ಈ ನಿಯಮದಿಂದಲೇ. ಆದರೆ ತರ್ಕ ಕ್ರಮೇಣ ತಿರುಗಿಬಿದ್ದಿತು. ಮನೆಯಲ್ಲಿ ಆಡುವವರು ಒಂದು ಗೋಲು ಬಿಟ್ಟುಕೊಟ್ಟರೂ ಕೆಟ್ಟೆವೆಂದು ಹೆದರಿ ಮುನ್ನುಗ್ಗುವುದನ್ನೇ ಬಿಟ್ಟರು ಎಂಬ ದೂರು ಹೆಚ್ಚಿತು. 2021ರ ಜೂನಿನಲ್ಲಿ ನಿಯಮವನ್ನು ರದ್ದುಪಡಿಸಲಾಯಿತು. ಈ ಹಳೆಯ ನಿಯಮವನ್ನು ವಾಚಕರು ನೆನಪಿಟ್ಟುಕೊಳ್ಳಬೇಕೆಂದು ಕೋರುತ್ತೇವೆ; ಮುಂದೆ ಅದು ನಮ್ಮ ತರಗತಿಯೊಳಗೇ ಬಂದು ಜಗಳ ಹೂಡಲಿದೆ.

ಈಗ ಉಳಿದಿರುವುದು 30 ನಿಮಿಷಗಳ ಹೆಚ್ಚುವರಿ ಆಟ ಮತ್ತು ಅದಾದ ಮೇಲೆ ಪೆನಾಲ್ಟಿ ಒದೆತಗಳು. ಬಿಲ್ಲೆ ಚಿಮ್ಮುವುದಕ್ಕೆ ಬದಲಾಗಿ ಪೆನಾಲ್ಟಿ ಒದೆತಗಳಿಗೆ ನಿಯಮಾವಳಿಯಲ್ಲಿ ಸ್ಥಾನ ದೊರೆತದ್ದು 1970ರಲ್ಲಿ. ತಲಾ ಐದು ಒದೆತಗಳು. ಅಲ್ಲಿಯೂ ಸಮವಾದರೆ ಒಂದೊಂದರಂತೆ, ಒಬ್ಬರು ತಪ್ಪುವವರೆಗೆ.

ಯುರೋಪಿನ ಮಾತು ಇಷ್ಟಾಯಿತು. ನಾಕ್‌ಔಟಿನ ರುಚಿ ಕಾಣಲು ನಮ್ಮ ಜನ ದೂರದರ್ಶನ ಬರುವವರೆಗೆ ಕಾದಿರಲಿಲ್ಲ. ನಮ್ಮ ಮುಂಬಯಿಯಲ್ಲಿ 1891ರಲ್ಲಿಯೇ ರೋವರ್ಸ್ ಕಪ್ ಪಂದ್ಯಾವಳಿ ಆರಂಭವಾಗಿತ್ತು. ಯುರೋಪಿಯನ್ ಕಪ್ಪಿಗಿಂತ ಅದು 64 ವರ್ಷ ಹಿರಿಯದು. ಬಹುಕಾಲ ಅದನ್ನು ಗೆಲ್ಲುತ್ತಿದ್ದವರು ಬ್ರಿಟಿಷ್ ಸೈನ್ಯದ ತುಕಡಿಗಳು. 1923ರಲ್ಲಿ ಕಲಕತ್ತೆಯ ಮೋಹನ್ ಬಾಗಾನ್ ಫೈನಲಿನವರೆಗೆ ಬಂದು ಸೋತಿತು. ಕೊನೆಗೆ 1937ರಲ್ಲಿ ಆ ಕಪ್ಪನ್ನೆತ್ತಿದ ಮೊದಲ ಭಾರತೀಯ ತಂಡ ಯಾವುದು ಬಲ್ಲಿರಾ? ನಮ್ಮ ಬೆಂಗಳೂರಿನಿಂದ ಬಂದ ಬೆಂಗಳೂರು ಮುಸ್ಲಿಮ್ಸ್. ಫೈನಲಿನಲ್ಲಿ ಅವರ ಎದುರಾಳಿ ಕಲಕತ್ತೆಯ ಮಹಮ್ಮಡನ್ ಸ್ಪೋರ್ಟಿಂಗ್. 1934ರಿಂದ 1938ರವರೆಗೆ ಸತತವಾಗಿ ಐದು ವರ್ಷ ಕಲಕತ್ತೆಯ ಲೀಗನ್ನು ಗೆದ್ದ ಪ್ರಚಂಡ ತಂಡ. ಲೀಗಿನಲ್ಲಿ ಯಾರೂ ಕೆಡವಲಾರದಿದ್ದ ಆ ತಂಡ ಮುಂಬಯಿಯ ಒಂದು ಸಂಜೆಯ ಆಟದಲ್ಲಿ 1-0ರಿಂದ ಬಿದ್ದಿತು. ಮರುವರ್ಷ 1938ರಲ್ಲಿಯೂ, ಮತ್ತೆ 1948ರಲ್ಲಿಯೂ ಕಪ್ಪು ಬೆಂಗಳೂರಿಗೇ ಹೋಯಿತು. 2000-01ರ ಅನಂತರ ರೋವರ್ಸ್ ಕಪ್ ನಡೆದಿಲ್ಲ. ಅದರೊಂದಿಗೆ ಬೆಸೆದುಕೊಂಡಿದ್ದ ಕೂಪರೇಜ್ ಮೈದಾನ ಇದೆ. ಚರ್ಚ್‌ಗೇಟಿನಲ್ಲಿಳಿದರೆ ನಡೆದೇ ಹೋಗಬಹುದು. ಒಂದು ಕಾಲದಲ್ಲಿ ದೇಶದ ಮೂಲೆಮೂಲೆಯ ತಂಡಗಳನ್ನು ಈ ನಗರಕ್ಕೆ ಕರೆತಂದ ಆ ಕಪ್ಪನ್ನು ಹೀಗೆ ಮೂಲೆಗಿಟ್ಟದ್ದು ಸರಿಯಲ್ಲವೆಂಬುದು ನಮ್ಮ ದೃಢವಾದ ಅಭಿಪ್ರಾಯ.

ಒಂದೇ ಪಂದ್ಯದ ನಾಕ್‌ಔಟ್ ಎಷ್ಟು ನಿಷ್ಠುರವೆಂಬುದನ್ನು ಸ್ವತಂತ್ರ ಭಾರತದ ತಂಡ ತನ್ನ ಮೊದಲ ಒಲಿಂಪಿಕ್ಸಿನಲ್ಲಿಯೇ ಕಲಿಯಿತು. 1948ರ ಜುಲೈ 31ರಂದು ಲಂಡನ್ನಿನ ಹೊರವಲಯದ ಇಲ್ಫರ್ಡಿನಲ್ಲಿ ಫ್ರಾನ್ಸ್ ತಂಡದೊಡನೆ ನಡೆದ ಪಂದ್ಯದಲ್ಲಿ ನಮ್ಮವರಿಗೆ ಎರಡು ಪೆನಾಲ್ಟಿಗಳು ದೊರೆತುವು, ಎರಡೂ ವ್ಯರ್ಥವಾದುವು. ಬೆಂಗಳೂರಿನ ಸಾರಂಗಪಾಣಿ ರಾಮನ್ ಒಂದು ಗೋಲು ಹೊಡೆದರು. 1-2ರಿಂದ ಸೋತು ತಂಡ ಹೊರಬಿದ್ದಿತು. ಮರುಪಂದ್ಯವಿಲ್ಲ, ಮುಂದಿನ ವಾರವಿಲ್ಲ. ಅಷ್ಟು ದೂರ ಪ್ರಯಾಣ ಮಾಡಿದ್ದು ತೊಂಬತ್ತು ನಿಮಿಷಗಳಿಗಾಗಿ.

ಈಗ ಅಂಧೇರಿಗೆ ಬರೋಣ. ಪಾರ್ಲೆಯಿಂದ ಒಂದು ನಿಲ್ದಾಣ ರೈಲಿನಲ್ಲಿ ಹೋಗಿ, ಅಲ್ಲಿಂದ ಮೆಟ್ರೋ ಹತ್ತಿ ಆಜಾದ್ ನಗರದಲ್ಲಿ ಇಳಿದರೆ ವೀರಾ ದೇಸಾಯಿ ರಸ್ತೆಯ ಶಹಾಜಿ ರಾಜೆ ಭೋಸಲೆ ಕ್ರೀಡಾ ಸಂಕುಲ ಸಮೀಪದಲ್ಲಿಯೇ ಇದೆ. ಅದರೊಳಗಿನ ಕಾಲ್ಚೆಂಡು ಮೈದಾನದಲ್ಲಿ 2019ರ ಮಾರ್ಚ್ 17ರ ಭಾನುವಾರ ಇಂಡಿಯನ್ ಸೂಪರ್ ಲೀಗಿನ ಫೈನಲ್ ನಡೆಯಿತು. ಬೆಂಗಳೂರು ಎಫ್.ಸಿ. ಒಂದೆಡೆ, ಎಫ್.ಸಿ. ಗೋವಾ ಇನ್ನೊಂದೆಡೆ. ಸರಿಯಾಗಿ ಒಂದು ವರ್ಷದ ಹಿಂದೆ, 2018ರ ಅದೇ ಮಾರ್ಚ್ 17ರಂದು, ಲೀಗಿನಲ್ಲಿ ಮೊದಲ ಸ್ಥಾನ ಪಡೆದಿದ್ದ ಬೆಂಗಳೂರು ತನ್ನದೇ ಕಂಠೀರವ ಕ್ರೀಡಾಂಗಣದಲ್ಲಿ ಚೆನ್ನೈಗೆ 2-3ರಿಂದ ಸೋತಿತ್ತು. ಆದುದರಿಂದ ಈ ಸಲದ ನಿರೀಕ್ಷೆಗೆ ಹಳೆಯ ಗಾಯದ ನೋವೂ ಬೆರೆತಿತ್ತು. ತೊಂಬತ್ತು ನಿಮಿಷ ಗೋಲಿಲ್ಲ. ಹೆಚ್ಚುವರಿ ಆಟದಲ್ಲಿ ಗೋವಾದ ಒಬ್ಬ ಆಟಗಾರ ಹೊರಹೋಗಬೇಕಾಯಿತು; ಆದರೂ ಗೋಲಿಲ್ಲ. 117ನೆಯ ನಿಮಿಷದಲ್ಲಿ ಕಾರ್ನರಿನಿಂದ ಬಂದ ಚೆಂಡಿಗೆ ರಾಹುಲ್ ಭೇಕೆ ತಲೆಯೊಡ್ಡಿದರು. ಬೆಂಗಳೂರಿಗೆ ಗೆಲುವು ತಂದ ಈ ಭೇಕೆ ಮುಂಬಯಿಯ ಹುಡುಗ. ಹೆಸರು ಮರಾಠಿ, ಅಂಗಿ ಬೆಂಗಳೂರಿನದು, ಮೈದಾನ ಅಂಧೇರಿಯದು. ನಮ್ಮ ಶಾಲೆಯ ಮಕ್ಕಳಿಗೆ ಇದಕ್ಕಿಂತ ಹಿತವಾದ ಫೈನಲ್ ಮತ್ತೊಂದಿಲ್ಲ. ಅಂದು ಯಾರೂ ಯಾರನ್ನೂ ಬಿಟ್ಟುಕೊಡಬೇಕಾಗಿರಲಿಲ್ಲ.

ಬಿಟ್ಟುಕೊಡಬೇಕಾದ ದಿನ 2023ರಲ್ಲಿ ಬಂದಿತು. ಆ ವರ್ಷದ ಮಾರ್ಚ್ ತಿಂಗಳ ಮೊದಲ ಹನ್ನೆರಡು ದಿನಗಳನ್ನು ನಾವು ಮರೆಯುವಂತಿಲ್ಲ. 3ನೆಯ ತಾರೀಖು ಕಂಠೀರವದಲ್ಲಿ ಬೆಂಗಳೂರಿಗೂ ಕೇರಳಕ್ಕೂ ಏಕಪಂದ್ಯದ ನಾಕ್‌ಔಟ್. ಹೆಚ್ಚುವರಿ ಆಟದಲ್ಲಿ ಸುನಿಲ್ ಛೇತ್ರಿ, ಎದುರಾಳಿಗಳು ಗೋಡೆ ಕಟ್ಟಿಕೊಳ್ಳುವ ಮೊದಲೇ ಫ್ರೀಕಿಕ್ ಹೊಡೆದು ಗೋಲು ಮಾಡಿದರು. ಕೇರಳದವರು ಪ್ರತಿಭಟಿಸಿ ಮೈದಾನವನ್ನೇ ಬಿಟ್ಟು ನಡೆದರು. 4ರಂದು ಅರಬ್ಬರ ನಾಡಿನ ರಿಯಾದ್ ನಗರದಲ್ಲಿ ಸಂತೋಷ್ ಟ್ರೋಫಿಯ ಫೈನಲ್. ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿತು. ಮೈಸೂರು ಎಂಬ ಹೆಸರಿನಲ್ಲಿ 1968-69ರಲ್ಲಿ ಗೆದ್ದ ಮೇಲೆ 54 ವರ್ಷಗಳಿಗೆ ಆ ಕಪ್ಪು ನಾಡಿಗೆ ಮರಳಿತು. ಎರಡು ದಿನ ಶಾಲೆಯಲ್ಲಿ ಒಮ್ಮತದ ಹಬ್ಬ. ಮೂರನೆಯ ದಿನ ಎಲ್ಲರಿಗೂ ನೆನಪಾಯಿತು: ಸೆಮಿಫೈನಲಿನಲ್ಲಿ ಬೆಂಗಳೂರಿನ ಎದುರಾಳಿ ಮುಂಬಯಿ ಸಿಟಿ.

ಇದು ಸಣ್ಣ ಇಕ್ಕಟ್ಟಾಗಿರಲಿಲ್ಲ. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಹುಟ್ಟಿದ್ದು ಮುಂಬಯಿಯಲ್ಲಿ. ಅಜ್ಜನ ಮನೆ ಕುಂದಾಪುರದಲ್ಲಿಯೋ ಕಾರ್ಕಳದಲ್ಲಿಯೋ ಗದಗದಲ್ಲಿಯೋ ಇದೆ. ಬೆಂಗಳೂರನ್ನು ಕಣ್ಣಾರೆ ಕಂಡವರೇ ವಿರಳ. ಆದರೂ ಪಾಠ ಕಲಿಯುವುದು ಕನ್ನಡದಲ್ಲಿ. ಓಣಿಯ ಗೆಳೆಯರು “ನೀವು ಬೆಂಗಳೂರಿನವರಲ್ಲವೆ?” ಎಂದು ಮರಾಠಿಯಲ್ಲಿ ಛೇಡಿಸುತ್ತಾರೆ, ಊರಿಗೆ ಹೋದರೆ ಅಲ್ಲಿಯ ಮಕ್ಕಳು “ಬೊಂಬಾಯಿಯವರು ಬಂದರು” ಎನ್ನುತ್ತಾರೆ. ಲೀಗಿನಲ್ಲಿ ಈ ಎರಡು ತಂಡಗಳು ಎದುರಾದಾಗ ಇಬ್ಬರೂ ಗೆಲ್ಲಲಿ ಎಂದು ಹೇಳಿ ಜಾರಿಕೊಳ್ಳಬಹುದು. ಒಂದೊಂದು ಅಂಕ ಹಂಚಿಕೊಂಡರೂ ಸಂತೋಷವೇ. ನಾಕ್‌ಔಟಿನಲ್ಲಿ ಒಬ್ಬರು ಹೊರಗೆ ಹೋಗಲೇಬೇಕು. ಯಾರು ಹೋಗಬೇಕೆಂದು ನೀನು ಬಯಸುತ್ತೀ ಎಂಬ ಪ್ರಶ್ನೆ ಒಬ್ಬೊಬ್ಬರ ಮುಂದೆಯೂ ನಿಂತಿತು. ಇನ್ನೊಂದು ತಮಾಷೆ: ಎರಡೂ ತಂಡಗಳ ಬಣ್ಣ ನೀಲಿಯೇ, ಮುಂಬಯಿಯದು ತುಸು ತಿಳಿ. 2019ರಲ್ಲಿ ಬೆಂಗಳೂರಿಗೆ ಕಪ್ಪು ತಂದುಕೊಟ್ಟಿದ್ದ ಭೇಕೆ 2021ರಲ್ಲಿಯೇ ಮುಂಬಯಿ ತಂಡಕ್ಕೆ ಬಂದಿದ್ದರು. ಛೇತ್ರಿಯಾದರೋ 2015 ಮತ್ತು 2016ರಲ್ಲಿ ಮುಂಬಯಿಯ ಪರವಾಗಿ ಆಡಿದವರು. ಆಟಗಾರರನ್ನು ನೋಡಿ ಪಕ್ಷ ಆರಿಸೋಣವೆಂದರೆ ಅಲ್ಲಿಯೂ ಎಳೆಗಳು ಹೀಗೆ ಹೆಣೆದುಕೊಂಡಿದ್ದುವು.

ಮಾರ್ಚ್ 7ರಂದು ಧೂಳಿವಂದನ. ಮಧ್ಯಾಹ್ನದವರೆಗೆ ಬಣ್ಣವಾಡಿ, ಕಿವಿಯ ಹಿಂದೆ ಗುಲಾಲು ಉಳಿದಿದ್ದಂತೆಯೇ ಜನ ಅಂಧೇರಿಯ ಮೈದಾನದಲ್ಲಿ ಕುಳಿತಿದ್ದರು. ಮುಂಬಯಿ ಆ ಋತುವಿನಲ್ಲಿ 46 ಅಂಕಗಳನ್ನು ಗಳಿಸಿ ಲೀಗಿನ ಮೊದಲ ಸ್ಥಾನ ಪಡೆದಿತ್ತು. ಸತತ 18 ಪಂದ್ಯಗಳಲ್ಲಿ ಸೋಲನ್ನೇ ಕಂಡಿರಲಿಲ್ಲ. ಬೆಂಗಳೂರು ನಾಲ್ಕನೆಯದು. ಛೇತ್ರಿಯ ತಲೆಯಿಂದ ಬಂದ ಒಂದೇ ಗೋಲಿನಿಂದ ಬೆಂಗಳೂರು 1-0ರಿಂದ ಗೆದ್ದಿತು. ಇನ್ನು ಐದು ದಿನಗಳ ಕಾಯುವಿಕೆ. ಆ ಐದು ದಿನಗಳಲ್ಲಿ ನಮ್ಮ ತರಗತಿಯಲ್ಲಿ ನಡೆದ ಸಂಕಲನ ವ್ಯವಕಲನಗಳು ವರ್ಷವಿಡೀ ನಡೆದಿರಲಿಲ್ಲ. ಮುಂಬಯಿ 1-0ರಿಂದ ಗೆದ್ದರೆ? 2-1ರಿಂದ ಗೆದ್ದರೆ? 2-0 ಆದರೆ ನೇರ ಗೆಲುವೆ? ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಈ ಕೋಷ್ಟಕವನ್ನು ಜವಾನರು ಎರಡು ಸಲ ಒರೆಸಿದರು. ಮೂರನೆಯ ಸಲ ಅವರೂ ನಿಂತು ಓದಿದರು.

12ನೆಯ ತಾರೀಖು, ಭಾನುವಾರ, ಕಂಠೀರವದಲ್ಲಿ ಎರಡನೆಯ ಪಂದ್ಯ. ಆರಂಭದಲ್ಲಿಯೇ ಮುಂಬಯಿಗೆ ಪೆನಾಲ್ಟಿ. ಬೆಂಗಳೂರಿನ ಗೋಲ್‌ಕೀಪರ್ ಗುರುಪ್ರೀತ್ ಸಿಂಗ್ ಸಂಧು ತಡೆದರು. ಬೆಂಗಳೂರಿಗೆ ಒಂದು ಗೋಲು. ಬಿಪಿನ್ ಸಿಂಗ್ ಮುಂಬಯಿಗಾಗಿ ಒಂದು ಮರಳಿಸಿದರು. ದ್ವಿತೀಯಾರ್ಧದಲ್ಲಿ ಮೆಹತಾಬ್ ಸಿಂಗ್ ಇನ್ನೊಂದು ಹೊಡೆದರು. 2-1, ಎರಡೂ ಪಂದ್ಯ ಸೇರಿ 2-2. ಹೆಚ್ಚುವರಿ ಆಟದಲ್ಲಿ ಬದಲಾವಣೆಯಿಲ್ಲ. ಪೆನಾಲ್ಟಿ ಒದೆತಗಳು ಮೊದಲಾದುವು. ಐದೈದೂ ಗೋಲು. ಆರು, ಏಳು, ಎಂಟು. ಎರಡೂ ಕಡೆ ಒಬ್ಬರೂ ತಪ್ಪಲಿಲ್ಲ. ಒಂಬತ್ತನೆಯದಕ್ಕೆ ಮುಂಬಯಿಯ ಪರವಾಗಿ ಬಂದವರು ಅದೇ ಮೆಹತಾಬ್ ಸಿಂಗ್. ಸಂಧು ಹಾರಿ ತಡೆದರು. ಬೆಂಗಳೂರಿನ ಸಂದೇಶ್ ಝಿಂಗನ್ ಗುರಿ ಮುಟ್ಟಿಸಿದರು. 9-8. ಮುಂಬಯಿಯನ್ನು ಪಂದ್ಯದಲ್ಲಿ ಜೀವಂತವಾಗಿಟ್ಟ ಗೋಲು ಯಾರದೋ, ಹೊರಗೆ ಕಳುಹಿಸಿದ ಒದೆತವೂ ಅವರದೇ. ಲೀಗಿನಲ್ಲಿ ಮೊದಲ ಸ್ಥಾನ ಪಡೆದಿದ್ದ ತಂಡ, 1937ರ ಮಹಮ್ಮಡನ್ ಸ್ಪೋರ್ಟಿಂಗಿನಂತೆಯೇ, ಒಂದು ರಾತ್ರಿಯಲ್ಲಿ ಹೊರಗಾಯಿತು. ಲೀಗಿನ ಮೊದಲಿಗರು ಹೀಗೆ ಬೀಳಲೇಬೇಕೆಂಬ ಕಟ್ಟಳೆಯೇನೂ ಇಲ್ಲ. 2025ರಲ್ಲಿ ಲೀಗನ್ನು ಗೆದ್ದ ಮೋಹನ್ ಬಾಗಾನೇ ಫೈನಲಿನಲ್ಲಿಯೂ ಬೆಂಗಳೂರನ್ನು 2-1ರಿಂದ ಸೋಲಿಸಿತು. ಬೀಳಬಹುದು ಎಂಬುದಷ್ಟೇ ನಾಕ್‌ಔಟಿನ ಗುಟ್ಟು, ಮತ್ತು ನಮ್ಮ ನಿದ್ದೆಗೇಡಿನ ಕಾರಣ.

ಸೋಮವಾರ ಬೆಳಗ್ಗೆ ತರಗತಿಯನ್ನು ಪ್ರವೇಶಿಸಿದಾಗ ಕಲಹ ಆಗಲೇ ಕಾವೇರಿತ್ತು. ಮುಂಬಯಿ ಪಕ್ಷದ ಒಬ್ಬ ಹುಡುಗ ಹಳೆಯ ನಿಯಮವನ್ನು ಅಗೆದು ತಂದಿದ್ದನು. “ಸರ್, ಮುಂಬಯಿ ಬೆಂಗಳೂರಿಗೆ ಹೋಗಿ ಎರಡು ಗೋಲು ಹೊಡೆದಿದೆ. ಬೆಂಗಳೂರು ಮುಂಬಯಿಗೆ ಬಂದು ಹೊಡೆದದ್ದು ಒಂದೇ. ಪರರ ಮೈದಾನದ ಗೋಲಿಗೆ ಬೆಲೆ ಹೆಚ್ಚೆಂಬ ನಿಯಮ ಇದ್ದಿದ್ದರೆ ಪೆನಾಲ್ಟಿಯೇ ಬೇಕಾಗಿರಲಿಲ್ಲ, ನಾವೇ ಫೈನಲಿನಲ್ಲಿ!” ಲೆಕ್ಕ ಸರಿಯಾಗಿಯೇ ಇತ್ತು. ಬೆಂಗಳೂರು ಪಕ್ಷದವರು, ಇಲ್ಲದ ನಿಯಮದಿಂದ ಗೆದ್ದು ಏನು ಫಲ ಎಂದು ಕೂಗಿದರು. ನಮ್ಮನ್ನು ಮೊದಲು ಪ್ರಶ್ನಿಸಿದ್ದ ವಿದ್ಯಾರ್ಥಿನಿ ಯಾವ ಗುಂಪಿನಲ್ಲಿಯೂ ನಿಂತಿರಲಿಲ್ಲ. ಅವಳು ಕಪ್ಪು ಹಲಗೆಯ ಬಳಿ ಹೋಗಿ 2-2 ಎಂದು ಬರೆದು, ಅದರ ಕೆಳಗೆ 9-8 ಎಂದು ಬರೆದು, ಮೊದಲನೆಯದರ ಕೆಳಗೆ ಎರಡು ಗೆರೆ ಎಳೆದಳು. ಹುಡುಗ ‘ನಾವು’ ಎಂದದ್ದನ್ನು ಅವಳು ಗಮನಿಸಿದ್ದಳು. “ಹಾಗಾದರೆ ನೀನು ಎಲ್ಲಿಯವನೋ?” ಎಂದು ಕೇಳಿದಳು. “ಪಾರ್ಲೆಯವನು” ಎಂದನು ಅವನು. ಗಂಟೆ ಬಾರಿಸಿತು, ಮೊದಲ ಪಿರಿಯಡ್ ಗಣಿತವಾಗಿತ್ತು. ಗಣಿತದ ಅಧ್ಯಾಪಕರು ಒಳಗೆ ಬಂದು ಹಲಗೆಯನ್ನು ನೋಡಿ, ಒರೆಸುವ ಬಟ್ಟೆಯನ್ನು ಕೈಗೆತ್ತಿಕೊಂಡು, ಸಂಧು ಯಾವ ಬದಿಗೆ ಹಾರಿದನೆಂದು ವಿಚಾರಿಸಿದರು.